ಮೆಟ್ಟಿಲ ಕೆಳಗಿನ ಮೀಟರು

ಗುರುವಾರ ಹನ್ನೊಂದು ಗಂಟೆಗೆ ಮನೆ ನೋಡಲು ಬರುತ್ತೇನೆ ಎಂದು ಮನೆಮಾಲೀಕ ಸ್ಕ್ರಿಮ್ಶಾನ ಮೆಸೇಜು ಸೋಮವಾರ ಬಂತು. ಅಂದಿನಿಂದ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಮೀನಿನ ಕಾರ್ಖಾನೆಯಲ್ಲಿ ಎರಡು ಪೆಟ್ಟಿಗೆಗೆ ತಪ್ಪು ಚೀಟಿ ಅಂಟಿಸಿ ಬೈಸಿಕೊಂಡೆ. ಮಾಲೀಕ ಆರು ತಿಂಗಳಿಗೊಮ್ಮೆ ಬಂದು ಗೋಡೆಯ ಬೂಷ್ಟು ಮೂಸಿ ಹೋಗುವುದು ಇಂಗ್ಲೆಂಡಿನ ಈ ಗ್ರಿಮ್ಸ್‌ಬಿಯಲ್ಲಿ ಹೊಸದೇನಲ್ಲ. ಆದರೆ ಈ ಸಲ ನಾನು ಅವನನ್ನು ಕೇಳದೆ ಕರೆಂಟಿನ ಕಂಪನಿಯನ್ನೇ ಬದಲಾಯಿಸಿದ್ದೆ.

ಬಾಡಿಗೆ ಕರಾರಿನ ಹನ್ನೊಂದನೇ ಪುಟದಲ್ಲಿ ಅವನು ಬರೆಸಿದ್ದಾನೆ: ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಕಂಪನಿ ಬದಲಾಯಿಸಕೂಡದು. ಖಾತೆ ನನ್ನ ಹೆಸರಿಗೆ, ಕಟ್ಟುವವಳು ನಾನು, ಒಪ್ಪಿಗೆ ಅವನದು. ಒಂಬತ್ತು ವರ್ಷ ಅದನ್ನು ನುಂಗಿಕೊಂಡಿದ್ದೆ.

ಇದ್ದದ್ದು ಕೀಲಿಯ ಮೀಟರು. ಪ್ಲಾಸ್ಟಿಕ್ ಕೀಲಿಯನ್ನು ಮೂಲೆಯಂಗಡಿಗೆ ಒಯ್ದು ದುಡ್ಡು ತುಂಬಿಸಿ ತಂದು ಸಿಕ್ಕಿಸಿದರೆ ದೀಪ, ಇಲ್ಲದಿದ್ದರೆ ಕತ್ತಲೆ. ಎಷ್ಟು ತುಂಬಿಸಿದರೂ ಅದು ಕುಡಿದುಬಿಡುತ್ತಿತ್ತು. ಫೆಬ್ರವರಿಯಲ್ಲಿ ನದಿಯಾಚೆಯ ಊರಾದ ಹಲ್‌ನಲ್ಲಿರುವ ಅಕ್ಕನ ಮನೆಗೆ ಮೂರು ದಿನ ಹೋದಾಗ ಬೇಕೆಂದೇ ತುಂಬಿಸದೆ ಹೋದೆ. ಫ್ರಿಜ್ಜಿನಲ್ಲಿದ್ದದ್ದು ಅರ್ಧ ಈರುಳ್ಳಿ. ಖಾಲಿ ಮನೆಗೆ ಕರೆಂಟು ಯಾಕೆ?

ವಾಪಸ್ ಬಂದಾಗ ಎದುರುಮನೆಯವಳು ಹೇಳಿದಳು, ಮಹಡಿಯ ಸಿರಿಲ್‌ರನ್ನು ಆಂಬುಲೆನ್ಸಿನಲ್ಲಿ ಒಯ್ದರಂತೆ. ಸಿರಿಲ್ ಓಲ್ಡ್‌ರಾಯ್ಡ್ ಹಿಂದೆ ಮೀನಿನ ಹಡಗುಗಳಲ್ಲಿ ದುಡಿದವರು, ಈಗ ಶ್ವಾಸಕೋಶ ಕೈಕೊಟ್ಟಿದೆ. ಎರಡು ವರ್ಷದಿಂದ ನನ್ನ ತಲೆಯ ಮೇಲೆಯೇ ಇದ್ದಾರೆ. ‘ಬೇಗ ಗುಣವಾಗಲಿ’ ಎಂದು ಅಚ್ಚಾದ ಕಾರ್ಡೊಂದನ್ನು ಕೊಂಡು ಅವರ ಬಾಗಿಲ ಸಂದಿನಲ್ಲಿ ತೂರಿಸಿ ಬಂದೆ. ಅವರು ಆಸ್ಪತ್ರೆಯಿಂದ ಮರಳಿದ ಮೇಲೂ ಬಾಗಿಲು ತಟ್ಟಲಿಲ್ಲ. ಯಾರಿಗೂ ತೊಂದರೆ ಕೊಡಬಾರದು ಎನ್ನುವುದು ನಮ್ಮ ಬೀದಿಯವರಿಗೆ ಹುಟ್ಟಿನಿಂದ ಬಂದ ರೋಗ.

ಹೊಸ ಕಂಪನಿಯವನು ಕೀಲಿಯ ಮೀಟರನ್ನು ಕಿತ್ತು, ಹೊಸದು ಹಾಕಿ, ಬ್ಯಾಟರಿಯಲ್ಲಿ ನಡೆಯುವ ಅಂಗೈಯಗಲದ ಪರದೆಯೊಂದನ್ನು ಕೊಟ್ಟು ಹೋಗಿದ್ದ. ಈ ಗಳಿಗೆಯಲ್ಲಿ ಮನೆ ಎಷ್ಟು ಕರೆಂಟು ಎಳೆಯುತ್ತಿದೆ ಎಂದು ಅದು ತೋರಿಸುತ್ತದೆ. ನನಗೆ ಅದನ್ನು ನೋಡುವ ಹುಚ್ಚು ಹಿಡಿಯಿತು. ದೀಪ ಆರಿಸಿ ನೋಡುವುದು, ಟಿವಿ ಆರಿಸಿ ನೋಡುವುದು. ಅಂಕಿ ಇಳಿಯುತ್ತಿತ್ತು, ಆದರೆ ಒಂದು ಕಡೆ ಬಂದು ಮೊಂಡು ಹಿಡಿದು ನಿಲ್ಲುತ್ತಿತ್ತು. ಬುಧವಾರ ಸಂಜೆ ಕೆಲಸದಿಂದ ಬಂದವಳೇ ಫ್ರಿಜ್ಜಿನ ಪ್ಲಗ್ಗನ್ನೂ ಕಿತ್ತೆ. ಆಗಲೂ ಇಳಿಯಲಿಲ್ಲ. ಸಿಟ್ಟು ಬಂದು ಮೆಟ್ಟಿಲ ಕೆಳಗಿನ ಗೂಡಿಗೆ ಹೋಗಿ ಮೇನ್ ಸ್ವಿಚ್ಚನ್ನೇ ಆರಿಸಿದೆ.

ಅಂಕಿ ಸೊನ್ನೆಯಾಯಿತು. ಮಹಡಿಯಲ್ಲಿ ಏನೋ ಕಿರ್ರೋ ಎಂದು ಕೂಗತೊಡಗಿತು.

ಸ್ವಿಚ್ಚು ಹಾಕಿದೆ. ಕೂಗು ನಿಂತಿತು. ಸಿರಿಲ್‌ರ ಆಕ್ಸಿಜನ್ ಯಂತ್ರ ಅದು. ತಿಂಗಳಿಗೊಮ್ಮೆ ಆಸ್ಪತ್ರೆಯವರು ಬಂದು ಅದನ್ನು ನೋಡಿಹೋಗುವುದನ್ನು ಕಿಟಕಿಯಿಂದ ಕಂಡಿದ್ದೆ. ಒಂದು ಮನೆಯನ್ನು ಎರಡು ಮಾಡುವಾಗ ಸ್ಕ್ರಿಮ್ಶಾ ಮೇಲಕ್ಕೆ ಬೇರೆ ಮೀಟರು ಹಾಕಿಸದೆ ನನ್ನದರಿಂದಲೇ ತಂತಿ ಎಳೆಸಿದ್ದ. ಹನ್ನೊಂದನೇ ಪುಟ ಯಾಕಿದೆ ಎಂದು ತಿಳಿಯಿತು: ಹಳೇ ಮೀಟರು ಇರುವವರೆಗೆ ಇದು ಹೊರಬೀಳುತ್ತಿರಲಿಲ್ಲ. ಅದರ ಹಿಂದೆಯೇ ಫೆಬ್ರವರಿ ನೆನಪಾಯಿತು, ಕೀಲಿ ತುಂಬಿಸದೆ ಹೋಗಿದ್ದ ಆ ಮೂರು ದಿನ.

ಗುರುವಾರ ಸ್ಕ್ರಿಮ್ಶಾ ಅಡುಗೆಮನೆಗೂ ಹೋಗದೆ ನೇರ ಮೆಟ್ಟಿಲ ಕೆಳಗೆ ಹೋದ. ಮೀಟರು ಮರೆಯಾಗಲೆಂದು ನಾನು ತೂಗುಹಾಕಿದ್ದ ಮಳೆಕೋಟನ್ನು ಎರಡು ಬೆರಳಲ್ಲಿ ಸರಿಸಿದ.

"ನನ್ನ ಮೀಟರ್ ಎಲ್ಲಿ, ಲೋರ್ನಾ?"

"ಅದು ನಿಮ್ದಲ್ಲ ಮಿಸ್ಟರ್ ಸ್ಕ್ರಿಮ್ಶಾ, ಕಂಪನೀದು. ತಗೊಂಡೋದ್ರು."

"ಕರಾರು ಓದೋಕೆ ಬರುತ್ತೆ ತಾನೇ ನಿಂಗೆ?"

"ಬರುತ್ತೆ. ಮಹಡಿ ಕರೆಂಟೂ ನನ್ ತಲೆಗೇ ಕಟ್ಟಿದ್ದೀರಿ ಅಂತ ಮಾತ್ರ ಅದ್ರಲ್ಲಿ ಬರ್ದಿರ್ಲಿಲ್ಲ."

ಅವನು ಹೌಹಾರಲಿಲ್ಲ. ಕೋಟನ್ನು ಮತ್ತೆ ಮೊಳೆಗೆ ಹಾಕಿದ.

"ಒಬ್ಬ ಮುದುಕ. ಒಂದು ದೀಪ, ಒಂದು ಕೆಟಲ್. ಅದಕ್ಕೋಸ್ಕರ ಇಷ್ಟು ರಾದ್ಧಾಂತಾನಾ?"

"ಅವ್ರು ಉಸಿರಾಡೋ ಮೆಷಿನ್ನೂ ಇದೆ."

"ನೋಡು, ಸೋಮವಾರದೊಳಗೆ ಫೋನ್ ಮಾಡಿ ಹಳೇ ಕೀಲಿ ಮೀಟರ್ ವಾಪಸ್ ಹಾಕಿಸು. ನೀನೂ ಸುಮ್ನಿರು, ನಾನೂ ಸುಮ್ನಿರ್ತೀನಿ. ಇಲ್ಲಾಂದ್ರೆ ಎರಡು ತಿಂಗಳ ನೋಟಿಸ್. ಕಾರಣ ಕೊಡೋ ಅಗತ್ಯಾನೂ ನಂಗಿಲ್ಲ. ಈ ಬಾಡಿಗೆಗೆ ಈ ಊರಲ್ಲಿ ಇನ್ನೊಂದು ಮನೆ ಹುಡುಕ್ಕೋ, ನೋಡೋಣ."

"ಯೋಚ್ನೆ ಮಾಡ್ತೀನಿ" ಎಂದೆ. ಹೌದು, ಹಾಗೆಯೇ ಅಂದೆ. ಅದನ್ನು ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಅವನು ಹೋದ ಮೇಲೆ ಮನೆಯೊಳಗೆ ಸುತ್ತಿದೆ. ಒಂಬತ್ತು ವರ್ಷದ ಮನೆ. ಗೋಡೆಗೆ ಬಣ್ಣ ಬಳಿದವಳು ನಾನು. ಫೋನು ತೆಗೆದು ಕಂಪನಿಯ ನಂಬರು ಒತ್ತಿದೆ, ಕತ್ತರಿಸಿದೆ, ಮತ್ತೆ ಒತ್ತಿದೆ. ಕೊನೆಗೆ ಪರದೆಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಸಿರಿಲ್‌ರ ಬಾಗಿಲು ತಟ್ಟಿದೆ.

ಬಾಗಿಲು ತೆರೆಯಲು ಅವರಿಗೆ ತುಂಬ ಹೊತ್ತು ಬೇಕಾಯಿತು. ಮೂಗಿಗೆ ಕೊಳವೆ, ಅದರ ಹಿಂದೆ ಉದ್ದದ ನಳಿಗೆ, ಕೋಣೆಯ ಮೂಲೆಯಲ್ಲಿ ಗುರುಗುಡುವ ಯಂತ್ರ.

"ಕೆಳಗಿನ ಮನೆ ಹುಡುಗಿ ಅಲ್ವಾ ನೀನು? ಬಾಮ್ಮ, ಬಾ. ಮೆಷಿನ್ ಸದ್ದು ಜಾಸ್ತಿ ಆಯ್ತಾ?"

ಐವತ್ತಾದ ನನ್ನನ್ನು ಹುಡುಗಿ ಎಂದರು. ನಾನು ಮಾತಾಡುವ ಮೊದಲೇ ನನ್ನ ಕಾರ್ಡು ಕಣ್ಣಿಗೆ ಬಿತ್ತು. ಬೆಂಕಿಗೂಡಿನ ಮೇಲೆ ಅದೊಂದೇ ನಿಂತಿತ್ತು, ಧೂಳಿಲ್ಲದೆ.

"ನಿಂದೊಂದೇ ಬಂದಿದ್ದು" ಎಂದರು ಸಿರಿಲ್. "ತೆಗೆಯೋಕೆ ಮನಸ್ಸು ಬರ್ಲಿಲ್ಲ."

"ಅವತ್ತು ಏನಾಗಿತ್ತು, ಸಿರಿಲ್?"

"ಕರೆಂಟ್ ಹೋಯ್ತು. ಆಕ್ಸಿಜನ್ ಸಿಲಿಂಡರ್ ಇತ್ತು, ಒಂದು ರಾತ್ರಿ ಬಂತು. ಕಿಟಕೀಲಿ ನೋಡಿದ್ರೆ ಬೀದಿ ತುಂಬಾ ದೀಪ. ಇಳಿದು ಬಂದು ನಿನ್ನ ಕೇಳೋಣ ಅಂದ್ಕೊಂಡೆ. ಆಮೇಲೆ, ಪಾಪ, ದುಡಿದು ಸುಸ್ತಾಗಿರ್ತಾಳೆ, ಅವಳಿಗ್ಯಾಕೆ ತೊಂದ್ರೆ ಅನ್ನಿಸ್ತು. ಟೀ ಕುಡೀತೀಯಾ?"

ಅವರು ಉತ್ತರಕ್ಕೆ ಕಾಯದೆ ಕೆಟಲ್ಲಿನ ಗುಂಡಿ ಒತ್ತಿದರು. ನನ್ನ ಅಂಗೈಯಲ್ಲಿ ಅಂಕಿ ಸರ್ರನೆ ಏರಿತು.

ನಾನು ಕೂರಲಿಲ್ಲ. ನಿಂತೇ ಸ್ಕ್ರಿಮ್ಶಾನಿಗೆ ಮೆಸೇಜು ಬರೆದೆ: ಮೀಟರು ಇಲ್ಲೇ ಇರುತ್ತದೆ. ಮೇಲಿನ ಮನೆಗೆ ಬೇರೆಯದು ಹಾಕಿಸಿ. ಊರಿನ ಕೌನ್ಸಿಲ್‌ಗೆ ಇವತ್ತೇ ದೂರು ಕೊಡುತ್ತೇನೆ. ನೋಟಿಸ್ ಕಳಿಸುವುದಿದ್ದರೆ ಕಳಿಸಿ.

ಅದನ್ನು ಕಳಿಸಲು ಎರಡು ನಿಮಿಷವೂ ಬೇಕಾಗಲಿಲ್ಲ. ಕಷ್ಟವಾಗಿದ್ದದ್ದು ಮುಂದಿನದು.

"ಸಿರಿಲ್, ಅವತ್ತು ಕರೆಂಟ್ ತಾನಾಗಿ ಹೋಗಿದ್ದಲ್ಲ" ಎಂದು ಶುರುಮಾಡಿದೆ. ಪರದೆ ತೋರಿಸಿದೆ. ತಂತಿಯ ಕಥೆ, ಕೀಲಿಯ ಕಥೆ, ಹಲ್‌ನ ಮೂರು ದಿನ, ಎಲ್ಲ ಹೇಳಿದೆ. ಹೇಳುತ್ತ ಅತ್ತೆ.

ಅವರು ಬೆಂಕಿಗೂಡಿನತ್ತ ಹೋಗಿ ಕಾರ್ಡನ್ನು ಕೈಗೆತ್ತಿಕೊಂಡರು. ಒಳಗಿದ್ದ ನನ್ನ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು. ಅದನ್ನು ಹರಿದು ಹಾಕಲಿ ಎಂದೇ ಕಾದೆ.

"ನಾನು ಒಂದ್ಸಲ ನಿನ್ನ ಬಾಗಿಲು ತಟ್ಟಿದ್ರೆ ಖಾಲಿ ಮನೆ ಅಂತ ಆದ್ರೂ ಗೊತ್ತಾಗ್ತಿತ್ತು" ಎಂದು ಅದನ್ನು ಮತ್ತೆ ಅಲ್ಲೇ ಇಟ್ಟರು. "ಸಕ್ಕರೆ ಎಷ್ಟು ಹಾಕ್ಲಿ?"