ಅವಸರದ ನಾಟಿ

ಹಿಮಾಲಯದ ಲಾಹೌಲ್ ಕಣಿವೆಯ ಆ ಹಳ್ಳಿಯಲ್ಲಿ ಪಲ್ಜೋರನನ್ನು ಕೇಳದೆ ಯಾರೂ ದಿಲ್ಲಿಗೆ ಹೋಗುವ ಲೆಟ್ಯೂಸ್ ಸೊಪ್ಪಿನ ಸಸಿ ನೆಡುತ್ತಿರಲಿಲ್ಲ. ಎದುರು ಬೆಟ್ಟದ ಕೊರಕಲಲ್ಲಿ ಹಿಮದ ಪಟ್ಟಿ ನಡುವೆ ಕಡಿದು ಎರಡಾದರೆ, ಆಮೇಲೆ ಎಲೆ ಸುಡುವಂಥ ಮಂಜು ಬೀಳುವುದಿಲ್ಲ ಎನ್ನುವುದು ಅವನ ಲೆಕ್ಕ. ಅದು ತಪ್ಪಿದ್ದನ್ನು ಸೊಸೆ ಯಂಗ್‌ಡೋಲ್ ಕಂಡಿರಲಿಲ್ಲ.

ಈ ವರ್ಷ ಮೇ ತಿಂಗಳ ಒಂದು ಬೆಳಿಗ್ಗೆ ಮುದುಕ ಅಂಗಳದಿಂದಲೇ ಕೂಗಿದ. “ಹಿಮ ಕಡೀತು ಕಣೇ! ಸಸಿ ಕೀಳು.”

ಅವಳು ಹೊರಗೆ ಬಂದು ನೋಡಿದಳು. ಪಟ್ಟಿ ಇಡಿಯಾಗಿಯೇ ಇತ್ತು. “ಇನ್ನೂ ಕಡಿದಿಲ್ಲ ಮಾವ.”

“ನನಗಿಂತ ನಿನಗೆ ಚೆನ್ನಾಗಿ ಕಾಣತ್ತಾ? ಅಂಗ್ರುಪ್ ಇದ್ದಿದ್ರೆ ಹೀಗೆ ಎದುರು ಮಾತಾಡ್ತಿದ್ನಾ?”

ಅಂಗ್ರುಪ್ ಅವಳ ಗಂಡ. ಹಿಂದಿನ ವರ್ಷ ಹಿಮ ಜರಿದು ಸತ್ತಿದ್ದ. ಆ ಹೆಸರು ಬಂದ ಮೇಲೆ ಅವಳು ಸಸಿಮಡಿಯ ಕಡೆ ನಡೆದಳು. ಚಳಿಗಾಲದಲ್ಲಿ ಮುದುಕ ಒಂದೆರಡು ಸಲ ಸತ್ತ ಮಗನನ್ನು ಊಟಕ್ಕೆ ಕರೆದಿದ್ದ. ದುಃಖಕ್ಕೆ ಹಾಗೆ ಮಾಡುತ್ತಾನೆ ಅಂದುಕೊಂಡಿದ್ದಳು.

ಸಸಿಮಡಿಯ ಪ್ಲಾಸ್ಟಿಕ್ ಸರಿಸಿ ಅಷ್ಟೂ ಸಸಿ ಕಿತ್ತಳು. ಕಲ್ಲುಗೋಡೆಯಾಚೆಯಿಂದ ನೆರೆಯ ಛೋಡೆನ್ ನಕ್ಕಳು. “ಏನೇ, ದಿಲ್ಲಿಯವರು ನಿನ್ನ ಸೊಪ್ಪಿಗೇಂತ ಉಪವಾಸ ಕೂತಿದಾರಾ?”

“ಮಾವ ಹೇಳಿದಾರೆ ಅಕ್ಕಾ.”

“ಹಂಗಾದ್ರೆ ಸರಿ ಬಿಡು. ನಮ್ಮ ಸಸಿ ಇನ್ನೂ ಎಳೇದು.”

ಮರುದಿನವೂ ನಾಟಿ ನಡೆಯಿತು. ಮುದುಕ ಒಂದೊಂದೇ ಸಸಿ ಎತ್ತಿ ಕೊಟ್ಟ, ಅವಳು ನೆಟ್ಟಳು. ಕೆಲಸ ಮುಗಿದ ಮಾರನೆಯ ಬೆಳಿಗ್ಗೆ ಮಂಜು ಬಿದ್ದು ಹೊಲ ಬೆಳ್ಳಗಾಗಿತ್ತು. ಬಿಸಿಲು ತಾಕಿದ್ದೇ ಎಲೆಗಳೆಲ್ಲ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ನೆಲಕ್ಕೆ ಅಂಟಿದವು. ಒಂದೂ ಉಳಿಯಲಿಲ್ಲ.

ಅವಳು ಸಾಲಿನ ನಡುವೆ ಕುಸಿದು ಕೂತಿದ್ದಾಗ ಪಲ್ಜೋರ್ ಬಂದ. ಸುತ್ತ ನೋಡಿ ಲೊಚಗುಟ್ಟಿದ.

“ಯಾರ ಹೊಲ ಇದು? ಯಾವ ಬುದ್ಧಿಗೇಡಿ ಇಷ್ಟು ಬೇಗ ನೆಟ್ಟಿದ್ದು?”

ಅಣಕಿಸುತ್ತಿದ್ದಾನೇನೋ ಎಂದು ಮುಖ ನೋಡಿದಳು. ಅಲ್ಲಿ ಮರುಕವೊಂದೇ ಇತ್ತು.

“ಯಾರೋ, ಮಾವ.”

“ಪಾಪ. ನಮ್ಮ ಸಸೀಲಿ ಒಂದಿಷ್ಟು ಕೊಡೋಣ. ಅಂಗ್ರುಪ್‌ಗೆ ಹೇಳು, ಹೊತ್ಕೊಂಡು ಹೋಗಿ ಕೊಟ್ಟು ಬರ್ತಾನೆ.”

ಯಂಗ್‌ಡೋಲ್‌ಗೆ ಹೊಲ ಹೋದದ್ದು ಕಣ್ಣಿಗೆ ಕಾಣುತ್ತಿತ್ತು; ಕೈಹಿಡಿದು ನಡೆಸುತ್ತಿದ್ದ ಈ ಮನುಷ್ಯ ಯಾವಾಗ ಹೋದನೋ ತಿಳಿದೇ ಇರಲಿಲ್ಲ.

“ಆಗಲಿ ಮಾವ, ಹೇಳ್ತೀನಿ,” ಎಂದು ಅವನನ್ನು ಬಿಸಿಲಿರುವ ಕಡೆ ಕೂರಿಸಿ ಬಂದಳು. ಸತ್ತ ಸಸಿಗಳನ್ನು ಕೀಳತೊಡಗಿದಳು.

ಛೋಡೆನ್ ಗೋಡೆಯ ಹತ್ತಿರ ಬಂದು ನಿಂತು ಮೆಲ್ಲಗೆ ಕೇಳಿದಳು. “ನಾವು ಯಾವಾಗ ನೆಡೋದು ಅಂತ ನಿಮ್ಮ ಮಾವನ್ನ ಒಂದು ಮಾತು...”

“ಇನ್ಮೇಲೆ ಅವರನ್ನ ಕೇಳ್ಬೇಡಿ ಅಕ್ಕಾ,” ಅಂದಳು ಯಂಗ್‌ಡೋಲ್, ತಲೆಯೆತ್ತದೆ. “ಯಾರೂ ಕೇಳ್ಬೇಡಿ.”