ಬಟ್ಟಲಲ್ಲಿ ಇಲ್ಲದ್ದು

ಚಿಗುಸಾ ಐದನೇ ಸಲ ನಮ್ಮ ಅಂಗಡಿಗೆ ಬಂದಾಗಲೂ ನನ್ನ ತಮ್ಮ ಯಸೋಜಿ ಅದೇ ಮಾತು ಹೇಳಿದ.

"ಬೆಣ್ಣೆ ಹಾಕೋರಿಗೆ ಕೊಡಲ್ಲಮ್ಮ. ಹೋಗು."

"ಸಾರಿಗೆ ಬೆಣ್ಣೆ ಹಾಕಲ್ಲ, ಯಜಮಾನ್ರೆ. ಅದು ಬೇರೆ ಅಡುಗೆಗೆ."

"ಒಂದೇ ಅಡುಗೆಮನೇಲಿ ಇರತ್ತಲ್ಲ. ಅಷ್ಟು ಸಾಕು."

ಒಸಾಕಾದಲ್ಲಿ ನಮ್ಮದು ಕಡಲಪಾಚಿಯ ಅಂಗಡಿ. ಅಜ್ಜನ ಕಾಲದಿಂದ ಉತ್ತರದ ಹೊಕ್ಕೈಡೊ ಕಡಲಿನಿಂದ ಒಣಗಿದ ಪಟ್ಟಿಗಳನ್ನು ತರಿಸಿ, ಹಿಂದಿನ ಉಗ್ರಾಣದಲ್ಲಿ ಎರಡು ಮೂರು ವರ್ಷ ಮಾಗಿಸಿ ಮಾರುತ್ತೇವೆ. ಅದನ್ನು ನೀರಲ್ಲಿ ನೆನೆಸಿ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ತೆಗೆದ ತಿಳಿಯ ಮೇಲೆಯೇ ನಮ್ಮೂರಿನ ಅಡುಗೆಯೆಲ್ಲ ನಿಂತಿದೆ. ಗಂಡ ಹೋದಮೇಲೆ ನಾನು ತವರಿಗೆ ಮರಳಿ ಗಲ್ಲಾದ ಹತ್ತಿರ ಕೂತಿದ್ದೇನೆ. ಉಗ್ರಾಣ ಪೂರ್ತಿ ಯಸೋಜಿಯದು.

ಚಿಗುಸಾಳ ಊಟದ ಮನೆ ನಮ್ಮಿಂದ ಮೂರು ಗಲ್ಲಿ ಆಚೆಗಿದೆ. ಲಿಯೋನ್‌ನಲ್ಲಿ ಆರು ವರ್ಷ ಫ್ರೆಂಚ್ ಅಡುಗೆ ಕಲಿತು ಬಂದು, ಹಳೆಯ ಸಾಲುಮನೆಯೊಂದರಲ್ಲಿ ಒಂಬತ್ತು ಕುರ್ಚಿ ಹಾಕಿದ್ದಾಳೆ. ಫ್ರೆಂಚ್ ಊಟವೇ, ಆದರೆ ಚಾಕು ಚಮಚವಿಲ್ಲದೆ ನಮ್ಮ ಜೋಡಿ ಕಡ್ಡಿಯಲ್ಲಿ ತಿನ್ನುವಂಥದ್ದು. ಜನ ಬರುತ್ತಿದ್ದದ್ದು ಅವಳ ಬಾತುಕೋಳಿ ಸಾರಿಗೆ. ಗಾಜಿನ ಹಾಗೆ ತಿಳಿಯಾದ ಸಾರು. ಅವಳಿಗೆ ಕಡಲಪಾಚಿ ಕೊಡುತ್ತಿದ್ದ ಕ್ಯೋಟೋದ ಮುದುಕರು ವಸಂತದಲ್ಲಿ ವಯಸ್ಸಾಯಿತೆಂದು ಬಾಗಿಲು ಹಾಕಿಕೊಂಡರು. ಬೇರೆ ಕಡೆಯದು ಅವಳಿಗೆ ಒಗ್ಗಲಿಲ್ಲ. ಬೇಸಿಗೆಯಿಡೀ ಅವಳ ತಿನಿಸುಗಳ ಪಟ್ಟಿಯಲ್ಲಿ ಆ ಸಾರಿಲ್ಲ. "ಅದೊಂದಿಲ್ಲ ಅಂದ್ರೆ ನಂದೂ ಇನ್ನೊಂದು ಫ್ರೆಂಚ್ ಅಂಗಡಿ ಅಷ್ಟೆ, ಅಮ್ಮ. ಇನ್ನೊಂದು ವರ್ಷ ನಡೆಯೋದೂ ಅನುಮಾನ" ಎಂದು ನನ್ನ ಹತ್ತಿರ ಹೇಳಿದ್ದಳು.

ತಮ್ಮನ ಹಟಕ್ಕೂ ಕಾರಣವಿತ್ತು. ನಾವು ಚಿಕ್ಕವರಿದ್ದಾಗ ದೊಡ್ಡ ಹೋಟೆಲೊಂದರ ಫ್ರೆಂಚ್ ಅಡುಗೆಯ ಬಾಣಸಿಗ ನಮ್ಮ ಅಪ್ಪನ ಉಗ್ರಾಣದಲ್ಲಿದ್ದ ಅತ್ಯುತ್ತಮ ಪಟ್ಟಿಗಳನ್ನು ಕೊಂಡು, ಅಪ್ಪನ ಕಣ್ಣೆದುರೇ ಮೂಳೆಗಳ ಜೊತೆ ಹಾಕಿ ಅರ್ಧ ದಿನ ಕೊತಕೊತ ಕುದಿಸಿದ. ಕುದಿ ಬಂದರೆ ಕಡಲಪಾಚಿ ಲೋಳೆಯಾಗಿ ರುಚಿ ಕೆಡುತ್ತದೆ. ಅಪ್ಪ ಅವತ್ತು ಮನೆಗೆ ಬಂದವರೇ ಉಗ್ರಾಣದೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಯಸೋಜಿಗೆ ಅದು ಮರೆತಿಲ್ಲ.

ಅವಳು ಐದನೇ ಸಲ ಬೇಡವೆನ್ನಿಸಿಕೊಂಡ ದಿನ ತಮ್ಮ ಬೆನ್ನು ತಿರುಗಿಸಿ ಏಣಿ ಹತ್ತಿ ಮೇಲಿನ ಕಟ್ಟೊಂದನ್ನು ಎಳೆಯುತ್ತಿದ್ದ. ಆ ಏಣಿ ಒಂದು ಕಾಲಲ್ಲಿ ಅಲ್ಲಾಡುತ್ತದೆ. ಹೊರಟಿದ್ದ ಚಿಗುಸಾ ತಿರುಗಿ ಬಂದು ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಅವನು ಇಳಿಯುವವರೆಗೂ ನಿಂತು, ಅವನು ನೋಡುವ ಮೊದಲೇ ಕೈಬಿಟ್ಟು ಬಾಗಿಲು ದಾಟಿದಳು. ಅವನಿಗೆ ತಿಳಿಯಲೇ ಇಲ್ಲ. ನಾನು ಗಲ್ಲಾದಿಂದೆದ್ದು ಬೀದಿಗೆ ಹೋಗಿ ಅವಳನ್ನು ಕೂಗಿದೆ.

"ಬುಧವಾರ ನಮಗೆ ರಜೆ. ಮಧ್ಯಾಹ್ನ ಇಬ್ಬರು ಊಟಕ್ಕೆ ಬರ್ತೀವಿ."

ತಮ್ಮನಿಗೆ ಹೇಳಿದಾಗ ಹಾರಾಡಿದ. "ನೀನ್ ಹೋಗಕ್ಕಾ. ನಾನ್ಯಾಕೆ?"

"ಆಯ್ತು ಬಿಡು. ನಾನೊಬ್ಬಳೇ ಹೋಗಿ, ಯಜಮಾನರು ಒಪ್ಪಿದ್ರು ಅಂತ ಹೇಳಿ ಬರ್ತೀನಿ."

ಬುಧವಾರ ಅವನು ನನಗಿಂತ ಮೊದಲು ಚಪ್ಪಲಿ ಮೆಟ್ಟಿ ನಿಂತಿದ್ದ.

ಅವತ್ತು ಅವಳಿಗೂ ರಜೆಯಂತೆ. ನಮಗಾಗಿಯೇ ಒಲೆ ಹಚ್ಚಿದ್ದಳು. ಅಡುಗೆಯ ಕಟ್ಟೆಯ ಮುಂದೆ ಸಾಲಾಗಿ ಎತ್ತರದ ಕುರ್ಚಿಗಳು. ನನ್ನದರ ಕೆಳಗೆ ಕಾಲಿಡಲು ಸಣ್ಣ ಮಣೆಯೊಂದು ಆಗಲೇ ಇತ್ತು. ಯಸೋಜಿಯ ಬೆರಳಗೆಣ್ಣುಗಳು ಊದಿಕೊಂಡಿವೆ. ಅವನ ಮುಂದೆ ಸ್ವಲ್ಪ ದಪ್ಪನೆಯ, ಜಾರದ ಮರದ ಕಡ್ಡಿಗಳು. ಇಬ್ಬರ ಎದುರಿಗೂ ಅದನ್ನೇ ಇಟ್ಟಿದ್ದಳು, ಅವನೊಬ್ಬನಿಗೇ ಎಂದು ಅನ್ನಿಸದ ಹಾಗೆ.

ಮೊದಲು ವಿನೆಗರಿನಲ್ಲಿ ಅದ್ದಿದ ಬಂಗುಡೆ, ಮೇಲೆ ತೆಳ್ಳಗೆ ಹೆಚ್ಚಿದ ಸೇಬು ಮತ್ತು ಸಾಸಿವೆ. ತಮ್ಮ ತಟ್ಟೆ ಖಾಲಿ ಮಾಡಿದ.

"ಮೀನು ಕುಯ್ಯೋಕೆ ಬರತ್ತೆ ನಿಂಗೆ."

"ನಮ್ಮಪ್ಪ ಮೀನಂಗಡಿಯವರು, ಯಜಮಾನ್ರೆ."

"ಹಂಗಾದ್ರೆ ಅದು ಫ್ರೆಂಚರ ಹೆಚ್ಚುಗಾರಿಕೆ ಅಲ್ಲ."

"ಅವರ ಹೆಚ್ಚುಗಾರಿಕೆ ಮುಂದೆ ಬರತ್ತೆ. ಅವಸರ ಮಾಡ್ಬೇಡಿ."

ನನಗೆ ನಗು ಬಂತು. ಅವನಿಗೆ ಎದುರುತ್ತರ ಕೊಡುವವರು ಈಚೆಗೆ ನಾನೊಬ್ಬಳೇ ಉಳಿದಿದ್ದೆ.

ಆಮೇಲೆ ಬಂದದ್ದು ಹುದುಗಿಸಿದ ಸೋಯಾಕಾಳಿನ ಬಿಳಿ ಮಿಸೊ ಮತ್ತು ಬೆಣ್ಣೆ ಹಚ್ಚಿ ಸುಟ್ಟ ಟರ್ನಿಪ್ ಗೆಡ್ಡೆ. ಯಸೋಜಿ ಅದನ್ನು ಮೂಸಿ, ಪೋಲೀಸಿನವರ ಹಾಗೆ ನಾಲ್ಕೂ ಕಡೆಯಿಂದ ನೋಡಿ, ತಿಂದ. ತಟ್ಟೆಯಲ್ಲಿ ಉಳಿದ ರಸವನ್ನು ಬ್ರೆಡ್ಡಿನ ತುಂಡಿನಿಂದ ಒರೆಸಿಕೊಂಡದ್ದನ್ನು ನಾನು ನೋಡಿದೆ. ನೋಡಲಿಲ್ಲವೆಂಬಂತೆ ಗೋಡೆಯತ್ತ ತಿರುಗಿದೆ.

ನಂತರ ಮುಚ್ಚಳವಿದ್ದ, ಅರಗು ಬಳಿದ ಮರದ ಬಟ್ಟಲುಗಳು ಬಂದವು. ಬಿಸಿಸಾರಿನ ಬಟ್ಟಲಿನ ಮುಚ್ಚಳ ಒಮ್ಮೊಮ್ಮೆ ಬಿಗಿದುಕೊಂಡು ಬಿಡುತ್ತದೆ. ಇಡುವಾಗಲೇ ಚಿಗುಸಾ ತಮ್ಮನ ಬಟ್ಟಲಿನ ಅಂಚನ್ನು ಮೆಲ್ಲಗೆ ಒತ್ತಿ ಸಡಿಲಿಸಿ, ಮತ್ತೆ ಮುಚ್ಚಿದಂತೆಯೇ ಬಿಟ್ಟಳು.

ನಾನು ಕುಡಿದೆ. ಬಾತುಕೋಳಿ, ಸಣ್ಣ ಹೊಗೆ, ಒಣ ಅಣಬೆ. ಚೆನ್ನಾಗಿದೆ ಅನ್ನಿಸಿತು. ಏನೋ ಒಂದು ಕೊರತೆ ಅಂತಲೂ ಅನ್ನಿಸಿತು.

ಯಸೋಜಿ ಒಂದು ಗುಟುಕು ಕುಡಿದ. ಇನ್ನೊಂದು ಕುಡಿದ. ಬಟ್ಟಲು ಕೆಳಗಿಟ್ಟ.

"ಇದರಲ್ಲಿ ಕಡಲಪಾಚಿ ಇಲ್ಲ."

"ಇಲ್ಲ."

"ಮರೆತೆಯಾ?"

"ಇಲ್ಲ. ನೀವು ಕೊಡಲಿಲ್ಲ. ಅದಕ್ಕೆ ಹಾಕಲಿಲ್ಲ."

"ಊರಲ್ಲಿ ನಾನೊಬ್ಬನೇ ಇರೋದಾ? ಬೇರೆಯವರದು ಹಾಕ್ಬೋದಿತ್ತಲ್ಲ?"

"ಹಾಕಿದ್ರೆ ನೀವು ಪರವಾಗಿಲ್ಲ ಅಂತ ಕುಡಿದು ಎದ್ದು ಹೋಗ್ತಿದ್ರಿ. ನಂಗೆ ಪರವಾಗಿಲ್ಲ ಅನ್ನೋ ಸಾರು ಬೇಡ."

ತಮ್ಮನ ಕಿವಿ ಕೆಂಪಾಯಿತು. "ಊಟಕ್ಕೆ ಬಂದವರಿಗೆ ಅರ್ಧ ಅಡುಗೆ ಬಡಿಸ್ತಿದ್ದೀಯ. ಗೊತ್ತಾ?"

"ಗೊತ್ತು. ಬೇರೆ ಯಾರಿಗೂ ಬಡಿಸೋಲ್ಲ." ಅವಳ ದನಿ ಏರಲಿಲ್ಲ. ಕೈಗಳು ಕಟ್ಟೆಯ ಮೇಲೆ ಅಲುಗದೆ ಇದ್ದವು. ಬೆರಳ ತುದಿಗಳು ಮಾತ್ರ ಬೆಳ್ಳಗಾಗಿದ್ದವು. "ಐದು ಸಲ ಬಾಯಲ್ಲಿ ಹೇಳ್ದೆ. ನಿಮಗೆ ಬೆಣ್ಣೆ ಒಂದೇ ಕೇಳಿಸ್ತು. ಇವತ್ತು ಮಿಕ್ಕಿದ್ದೆಲ್ಲ ಮಾಡಿ, ಒಂದು ಜಾಗ ಖಾಲಿ ಬಿಟ್ಟಿದ್ದೀನಿ. ಆ ಜಾಗಕ್ಕೆ ನಿಮ್ಮದು ಬರಬೇಕೋ ಬೇಡವೋ ನೀವೇ ಹೇಳಿ. ಬೇಡ ಅಂದ್ರೆ ಈ ಸಾರನ್ನ ಇನ್ನು ಮಾಡೋಲ್ಲ. ನಿಮ್ಮ ಬಾಗಿಲಿಗೂ ಬರೋಲ್ಲ."

ಯಸೋಜಿ ಎದ್ದು ನಿಂತ. ನಾನು ಕೂತಲ್ಲೇ ಕೂತೆ. ಇದು ಅವರಿಬ್ಬರ ಮಾತು.

"ಒಂದು ಲೋಟ ಬಿಸಿನೀರು ಕೊಡು" ಎಂದ.

ನಿಂತೇ ಬಾಯಿ ಸ್ವಚ್ಛ ಮಾಡಿಕೊಂಡ. ಕೂತ. ಕಣ್ಣು ಮುಚ್ಚಿ ಮೂರನೇ ಗುಟುಕು ಕುಡಿದ. ಉಗ್ರಾಣದಲ್ಲಿ ಪಟ್ಟಿಯ ತುದಿ ಮುರಿದು ನಾಲಿಗೆಯ ಮೇಲಿಟ್ಟುಕೊಂಡಾಗಲೂ ಅವನ ಮುಖ ಹಾಗೆಯೇ ಇರುತ್ತದೆ.

"ನಾಲಿಗೆ ಮೇಲೆ ಚೆನ್ನಾಗಿ ಬಂತು. ಹೊಗೆ ಇದೆ, ಹಕ್ಕಿ ಇದೆ. ಗಂಟಲಿಗೆ ಇಳಿಯೋ ಹೊತ್ತಿಗೆ ಕೈ ಬಿಟ್ಟುಬಿಡ್ತು."

"ಅಲ್ಲೇ" ಎಂದಳು ಚಿಗುಸಾ. "ಅಲ್ಲೇ, ಯಜಮಾನ್ರೆ."

ಒಂದೇ ಬಟ್ಟಲಿನ ಮೇಲೆ ಇಬ್ಬರೂ ಬಗ್ಗಿದ್ದರು.

"ನನ್ ಹತ್ರ ಯಾವುದು ಕೇಳ್ತಿದ್ದೆ ನೀನು?"

"ಹಾಕೊದಾತೆ ಊರಿನ ಕಡಲಿನದು. ಒಸಾಕಾದವರೆಲ್ಲ ಬಳಸೋದು ಅದೇ ಅಲ್ವಾ?"

"ಐದು ಸಲ ಬಂದು ಐದು ಸಲನೂ ತಪ್ಪು ಕೇಳಿದ್ದೀಯಲ್ಲೇ!" ತಮ್ಮ ಕಟ್ಟೆ ತಟ್ಟಿದ. "ಅದು ಸಾಧು. ಬಾತುಕೋಳಿ ಪಕ್ಕ ಕೂರಿಸಿದ್ರೆ ಬಾಯೇ ಬಿಡಲ್ಲ. ನಿಂಗೆ ರೌಸು ಕಡಲಿನದು ಬೇಕು. ಗಟ್ಟಿ ಆಳು. ಎಷ್ಟು ಬಿಸಿ ಮಾಡ್ತೀಯ?"

"ಅರವತ್ತು ಡಿಗ್ರಿ. ಒಂದು ಗಂಟೆ. ತೆಗೆದಮೇಲೇ ಹಕ್ಕಿಯ ತಿಳಿಗೆ ಸೇರಿಸೋದು. ಕುದಿ ಬರೋಕೆ ಬಿಡಲ್ಲ."

"ಯಾರು ಹೇಳಿಕೊಟ್ರು?"

"ಕ್ಯೋಟೋ ತಾತ."

"ಹೂಂ. ಬಲ್ಲೆ ಅವರನ್ನ. ಕೆಲಸ ಗೊತ್ತಿದ್ದ ಮನುಷ್ಯ. ಕ್ಯೋಟೋದವರು ಅನ್ನೋದೊಂದೇ ಐಬು."

ಚಿಗುಸಾ ಜೋರಾಗಿ ನಕ್ಕಳು. ಬೆರಳುಗಳಿಗೆ ಬಣ್ಣ ಮರಳಿತ್ತು.

"ಶುಕ್ರವಾರ ಬೆಳಗ್ಗೆ ಬಾ. ಏನೂ ತಿನ್ನದೆ ಬಾ. ಈಗ ಮುಂದಿನದು ಕೊಡು, ಆರಿಹೋಗತ್ತೆ."

ಬಾತುಕೋಳಿಯ ಹುರಿದ ತುಂಡುಗಳು ಬಂದವು, ಕಡ್ಡಿಗೆ ಸಿಗುವಷ್ಟೇ ದೊಡ್ಡವು. ಅನ್ನ ಇದೆಯೇ ಎಂದು ತಮ್ಮ ಕೇಳುವ ಮೊದಲೇ ಅನ್ನವೂ ಬಂತು.

ಶುಕ್ರವಾರ ಅಂಗಡಿ ತೆರೆಯುವ ಮುನ್ನ ಅವಳು ಬಂದಳು. ಯಸೋಜಿ ತಾನೇ ಒಲೆಯ ಮುಂದೆ ನಿಂತು ಮೂರು ಬಗೆಯ ತಿಳಿ ತೆಗೆದಿದ್ದ. ಒಂದೇ ತರಹದ ಮೂರು ಲೋಟ, ಹೆಸರಿಲ್ಲ, ಗುರುತಿಲ್ಲ. ಯಾವುದು ಎಂದು ನನಗೂ ಹೇಳಿರಲಿಲ್ಲ. ಇವಳು ರೌಸು ಎಂಬ ಮಾತನ್ನು ನಂಬುತ್ತಾಳೋ, ತನ್ನ ನಾಲಿಗೆಯನ್ನೋ ಎಂದು ನೋಡುವುದು ಅವನ ಹಂಚಿಕೆ.

ಅವಳು ಮೊದಲನೆಯದನ್ನು ಕುಡಿದು ಬದಿಗೆ ಸರಿಸಿದಳು. ಎರಡನೆಯದನ್ನೂ ಮೂರನೆಯದನ್ನೂ ಎರಡೆರಡು ಸಲ ಕುಡಿದಳು.

"ಇವೆರಡೂ ರೌಸು. ಎರಡನೇದು ಕಳೆದ ವರ್ಷದ್ದು, ಗಲಾಟೆ ಜಾಸ್ತಿ. ನಂಗೆ ಇದು ಬೇಕು" ಎಂದು ಮೂರನೆಯದರ ಮೇಲೆ ಬೆರಳಿಟ್ಟಳು. "ಎರಡು ವರ್ಷ ಮಾಗಿರಬೇಕು."

"ಮೂರು" ಎಂದ ತಮ್ಮ. ಅಷ್ಟು ಹೇಳಿ ಒಳಗೆ ಹೋದ. ಬರುವಾಗ ತೋಳಿನಲ್ಲಿ ದೊಡ್ಡ ಕಟ್ಟೊಂದಿತ್ತು. ಊದಿದ ಬೆರಳುಗಳಲ್ಲೇ ಅದಕ್ಕೆ ಎರಡು ಸುತ್ತು ಹೊಸ ಹುರಿ ಬಿಗಿದು ಅವಳ ಕೈಗಿತ್ತ.

ಚಿಗುಸಾ ಸೊಂಟ ಬಗ್ಗಿಸಿ ನಮಸ್ಕರಿಸಿ, ಬಹಳ ಹೊತ್ತು ತಲೆ ಎತ್ತಲಿಲ್ಲ.

"ಮುಂದಿನ ಬುಧವಾರ ಒಲೆ ಹಚ್ಚಿ ಕಾಯ್ತೀನಿ, ಯಜಮಾನ್ರೆ. ನೀವಿಬ್ಬರೇ ಬನ್ನಿ, ಆರಾಮಾಗಿ ಕೂತು ಕುಡೀಬಹುದು."

"ಬೇಡ" ಎಂದ ಯಸೋಜಿ. "ಶನಿವಾರ ಬರ್ತೀವಿ. ಒಂಬತ್ತು ಕುರ್ಚಿನೂ ತುಂಬಿರಬೇಕು. ಅವರೆಲ್ಲ ಕುಡಿಯೋದನ್ನ ನಾನು ನೋಡಬೇಕು."