ಟವೆಲ್ ಕಟ್ಟಿಕೊಂಡ ಮೇಲ್ವಿಚಾರಕಿ

ಗದಗದ ಪದ್ಮಶ್ರೀ ವಿದ್ಯಾರಣ್ಯಪುರದ ಅಂಗನವಾಡಿಗೆ ಟೀಚರಾಗಿ ಬಂದು ಮೂರು ವಾರವಾಗಿತ್ತು. ಚಾರ್ಟ್ ತೋರಿಸಿ ಪಂಚೇಂದ್ರಿಯಗಳ ಹೆಸರನ್ನು ಎಷ್ಟು ಹೇಳಿಸಿದರೂ ಮಕ್ಕಳು ಮೂಗು ಮುಟ್ಟಿಕೊಂಡು "ಕಿವಿ!" ಎಂದು ಕೂಗುತ್ತಿದ್ದವು. ಸಾಕಾಗಿ ಆ ಬುಧವಾರ ಚಾರ್ಟ್ ಮಡಚಿಟ್ಟು, ಮನೆಯಿಂದ ಇಂಗು, ಹುಣಸೆಹಣ್ಣು, ಗೆಜ್ಜೆ, ಒಂದು ಟವೆಲ್ ತಂದಳು. ಮಗುವಿನ ಕಣ್ಣಿಗೆ ಟವೆಲ್ ಕಟ್ಟುವುದು, ಎದುರಿಗಿರುವುದು ಏನೆಂದು ಅದು ಹೇಳುವುದು. ಇಷ್ಟೇ ಆಟ.

ಮೊದಲು ಸಬಾ. ಇಂಗಿನ ಡಬ್ಬಿ ಮೂಸಿದವಳೇ, "ನಮ್ಮ ಅಬ್ಬಾನ ಸಾಕ್ಸು!" ಎಂದಳು. ಮಕ್ಕಳು ಚಾಪೆಯ ಮೇಲೆ ಉರುಳಾಡಿ ನಕ್ಕವು.

ಆಮೇಲೆ ನಾಲ್ಕು ವರ್ಷದ ರಾಣಿ. ಟವೆಲ್ ಕಟ್ಟಿದ್ದೇ ತಡ, ಕೈ ಚಾಚಿಕೊಂಡು ನೇರ ಬಾಗಿಲ ಕಡೆ ಹೊರಟಳು. ಮೇಲ್ವಿಚಾರಕಿ ಗಂಗರತ್ನಮ್ಮ ಒಳಗೆ ಕಾಲಿಟ್ಟಿದ್ದು ಅದೇ ಹೊತ್ತಿಗೆ. ಅವರು ನಕ್ಕಿದ್ದನ್ನು ಯಾವ ಟೀಚರೂ ನೋಡಿರಲಿಲ್ಲ. ರಾಣಿ ಎರಡೂ ಕೈಯಲ್ಲಿ ಅವರ ಹೊಟ್ಟೆಯನ್ನು ತಬ್ಬಿಕೊಂಡಳು.

"ಮೆತ್ತಗಿದೆ... ಸೋಫಾ!" ಮೂಗೆತ್ತಿ ಮೂಸಿದಳು. "ಮಿಸ್, ಸೋಫಾಗೆ ಮಲ್ಲಿಗೆ ಮುಡಿಸಿದಾರೆ!"

ಪದ್ಮಶ್ರೀ ಓಡಿಬಂದಳು. "ತಪ್ಪಾತ್ರಿ ಮೇಡಂ, ಇದು ಇಂದ್ರಿಯದ ಪಾಠ ಐತ್ರಿ..."

ರಾಣಿಯ ಮೂಗು ಅಷ್ಟರಲ್ಲಿ ಅವರ ಕೈಚೀಲಕ್ಕೆ ಬಂದಿತ್ತು. "ಇಲ್ಲಿ ಕೋಡುಬಳೆ ಇದೆ!"

ಗಂಗರತ್ನಮ್ಮ ತುಟಿ ಬಿಗಿಹಿಡಿದರು. ತಡೆಯಲಾಗಲಿಲ್ಲ. ಪುಸಕ್ಕನೆ ನಕ್ಕವರು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಮನೇಲಿ ಡಯಟ್ ಅಂತ ಹೇಳ್ಕೊಂಡು ಕದ್ದು ತಿಂತಿದ್ದೆ ಕಣೇ. ಸಿಕ್ಕಾಕೊಂಡ್ನಲ್ಲ!"

ಕೋಡುಬಳೆ ಎಲ್ಲರಿಗೂ ಹಂಚಿದ್ದಾಯಿತು. ಕಿವಿ ಮುಚ್ಚಿಕೊಂಡು ಅಗಿದರೆ ತಲೆಯೊಳಗೇ ಕರುಂ ಕರುಂ ಅನ್ನುತ್ತದೆಂದು ಕಂಡುಹಿಡಿದವಳು ರಕ್ಷಾ ಎಂಬ ಪುಟಾಣಿ. ಹದಿಮೂರು ಮಕ್ಕಳೂ ಕಿವಿ ಮುಚ್ಚಿಕೊಂಡವು. ಮೇಲ್ವಿಚಾರಕಿಯೂ ಮುಚ್ಚಿಕೊಂಡರು.

"ಈಗ ನಂಗೆ ಕಟ್ರೇ ಟವೆಲ್ಲು!"

ಕಟ್ಟಿದರು. ಮಕ್ಕಳು ಉಸಿರು ಬಿಗಿಹಿಡಿದು ಗೋಡೆಗೆ ಅಂಟಿಕೊಂಡವು. ಗಂಗರತ್ನಮ್ಮ ತಡಕಾಡುತ್ತ ಬಾಗಿಲಿಗೆ ಬಂದರು. ಮಕ್ಕಳಿಗೆಂದು ಮೊಟ್ಟೆಯ ಟ್ರೇ ಹಿಡಿದು ಮೂಲೆಯಂಗಡಿಯ ಬ್ಯಾಟರಾಯಪ್ಪ ಆಗಷ್ಟೇ ಹೊಸಿಲು ದಾಟಿದ್ದರು. ಮೇಡಂ ಕೈಗೆ ಸಿಕ್ಕಿದ್ದು ಅವರ ಗಿರಿಜಾ ಮೀಸೆ.

"ಪೊರಕೆ!" ಎಂದು ಗೆಲುವಿನಿಂದ ಎಳೆದರು.

"ಅಯ್ಯಯ್ಯೋ, ಮೀಸೆ ಬುಡ್ರಮ್ಮಾ! ಮೊಟ್ಟೆ ಬಿದ್ದೋಯ್ತವೆ!"

ಎರಡು ಬಿದ್ದೇಬಿಟ್ಟವು. ಗಂಗರತ್ನಮ್ಮ ಟವೆಲ್ ಕಿತ್ತು ನೋಡಿ, ಕೈಮುಗಿದು ಕ್ಷಮೆ ಕೇಳುತ್ತಲೇ ಮತ್ತೆ ನಗಲು ಶುರುಮಾಡಿದರು. ಬ್ಯಾಟರಾಯಪ್ಪ ಮೀಸೆ ನೀವಿಕೊಂಡು ಟ್ರೇ ಕೆಳಗಿಟ್ಟು ಚಾಪೆಯ ಮೇಲೆ ಕೂತರು. "ನಂಗೂ ಒಂದ್ ಕಿತ ಕಟ್ರವ್ವಾ, ನೋಡಾನ."

ಮಕ್ಕಳೆಲ್ಲ ಟವೆಲ್ಲಿಗೆ ಮುಗಿಬಿದ್ದವು.

"ಪದ್ಮಶ್ರೀ, ಮುಂದಿನ ಮೀಟಿಂಗಲ್ಲಿ ಎಲ್ಲಾ ಟೀಚರ್ಸಿಗೂ ನೀವೇ ಈ ಆಟ ಆಡಿಸ್ಬೇಕು," ಎಂದರು ಗಂಗರತ್ನಮ್ಮ.

"ಆಗ್ಲಿರೀ ಮೇಡಂ," ಎಂದು ಒದ್ದೆ ಬಟ್ಟೆ ಹಿಡಿದು ಮೊಟ್ಟೆ ಒರೆಸಲು ಬಗ್ಗಿದ ಪದ್ಮಶ್ರೀ, ನಗು ತಾಳಲಾರದೆ ನೆಲದ ಮೇಲೇ ಕುಳಿತುಬಿಟ್ಟಳು.